ಸಹಿ ಹಾಕದ ಹುಡುಗ ದುರಾಸೆಯವನಲ್ಲ

50 ಲಕ್ಷ ಡಾಲರ್ ಬೇಡ ಅಂದ 17 ವರ್ಷದ ಹುಡುಗನನ್ನು ಏನೆಂದು ಕರೆಯಬೇಕು? 2014ರ ಜುಲೈನಲ್ಲಿ ಅಮೆರಿಕದ ಬೇಸ್‌ಬಾಲ್ ಅಭಿಮಾನಿಗಳಲ್ಲಿ ಹಲವರಿಗೆ ಉತ್ತರ ಸುಲಭವಾಗಿತ್ತು: ದುರಾಸೆಯವನು. ತಲೆ ಕೆಟ್ಟವನು ಅಂದವರೂ ಇದ್ದರು. ಹುಡುಗನ ಹೆಸರು ಬ್ರೇಡಿ ಐಕೆನ್. ಆ ವರ್ಷದ ಡ್ರಾಫ್ಟ್‌ನಲ್ಲಿ ಇಡೀ ದೇಶಕ್ಕೇ ಮೊದಲನೆಯವನಾಗಿ ಆಯ್ಕೆಯಾದವನು.

ನಾವು ಹೇಳಹೊರಟಿರುವುದು ಇಷ್ಟೇ. ಬೇಡ ಅನ್ನುವ ಹಕ್ಕೊಂದೇ ಆ ಹುಡುಗರ ಕೈಲಿರುವ ಆಸ್ತಿ. ಅದನ್ನು ಬಳಸಿದವನನ್ನು ಬೈಯುವವರು ಮಾಲೀಕರ ಲೆಕ್ಕಪುಸ್ತಕವನ್ನು ಬಿಟ್ಟಿಯಾಗಿ ಕಾಯುತ್ತಿದ್ದಾರೆ.

ಡ್ರಾಫ್ಟ್ ಅಂದರೇನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಐಪಿಎಲ್ ಹರಾಜಿನಲ್ಲಿ ಹತ್ತು ತಂಡಗಳು ಕೈ ಎತ್ತಿ ಬೆಲೆ ಏರಿಸಬಹುದು. ಬೇಸ್‌ಬಾಲ್ ಡ್ರಾಫ್ಟ್ ಹರಾಜಲ್ಲ, ಸರದಿ. ಮೇಜರ್ ಲೀಗ್‌ನ 30 ತಂಡಗಳು ಒಂದಾದ ಮೇಲೊಂದರಂತೆ ಹುಡುಗರ ಹೆಸರು ಕೂಗುತ್ತವೆ. ಒಂದು ತಂಡ ಕೂಗಿದ ಮೇಲೆ ಉಳಿದ 29 ತಂಡಗಳು ಅವನ ಜೊತೆ ಮಾತಾಡುವ ಹಾಗಿಲ್ಲ. 1965ರಿಂದ ನಡೆದು ಬಂದಿರುವುದು ಹೀಗೆ. ಕೊಳ್ಳುವವನು ಒಬ್ಬನೇ, ಗಡುವು ಕೆಲವೇ ವಾರ. ಹುಡುಗನಿಗಿರುವ ದಾರಿ ಎರಡು. ಸಹಿ ಹಾಕುವುದು, ಇಲ್ಲವೇ ಕಾಲೇಜಿಗೆ ಹೋಗಿ ಮುಂದೆ ಯಾವತ್ತೋ ಮತ್ತೆ ಸರದಿಯಲ್ಲಿ ನಿಲ್ಲುವುದು. ನಾಲ್ಕು ವರ್ಷದ ಕೋರ್ಸಿನ ಕಾಲೇಜು ಸೇರಿದರೆ ಮೂರು ವರ್ಷ ಮುಗಿಯಬೇಕು, ಅಥವಾ 21 ತುಂಬಬೇಕು.

ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ತಂದವರಿಗೆ ಇದು ಬೇಗ ಅರ್ಥವಾದೀತು. ಬೆಲೆ ಒಪ್ಪಿಗೆಯಾಗದಿದ್ದರೆ ಕೊಡುವುದಿಲ್ಲ ಅನ್ನಬಹುದು. ಆದರೆ ಗೂಡಿನೊಳಗಿನ ಚಿಟ್ಟೆ ಕಾಯುವುದಿಲ್ಲ. ಪಿಚರ್‌ನ ತೋಳೂ ಹಾಗೆಯೇ. ಇವತ್ತು ಗಂಟೆಗೆ 97 ಮೈಲಿ ವೇಗದಲ್ಲಿ ಚೆಂಡೆಸೆಯುವ ತೋಳು ಬರುವ ಮಾರ್ಚ್‌ನಲ್ಲಿ ಆಸ್ಪತ್ರೆಯ ಮೇಜಿನ ಮೇಲಿರಬಹುದು.

ಐಕೆನ್‌ಗೆ ಆದದ್ದೂ ಅದೇ. ಹೂಸ್ಟನ್ ಆಸ್ಟ್ರೋಸ್ ತಂಡ ಮೊದಲು ಅವನ ಜೊತೆ 65 ಲಕ್ಷ ಡಾಲರ್‌ಗೆ ಮಾತು ಮುಗಿಸಿತ್ತು. ಆ ಸ್ಥಾನಕ್ಕೆ ಲೀಗ್ ನಿಗದಿ ಮಾಡಿದ್ದ ಸ್ಲಾಟ್ ಬೆಲೆ ಸುಮಾರು 79 ಲಕ್ಷ. ಅಂದರೆ ಹುಡುಗ ಆಗಲೇ ಇಳಿದು ಬಂದಿದ್ದ. ವೈದ್ಯಕೀಯ ತಪಾಸಣೆಯಲ್ಲಿ ಮೊಣಕೈಯ ಲಿಗಮೆಂಟ್ ಸರಿಯಿಲ್ಲ ಅಂತ ತಂಡಕ್ಕೆ ಕಂಡಿತು. ಕೊಡುಗೆ ಸುಮಾರು 31 ಲಕ್ಷಕ್ಕೆ ಕುಸಿಯಿತು. ಅದೇ ಅಂಕಿ ಯಾಕೆ? ಸ್ಲಾಟ್ ಬೆಲೆಯ ಶೇ. 40ರಷ್ಟಾದರೂ ಕೊಡುತ್ತೇವೆ ಅಂದಿದ್ದರೆ ಸಾಕು, ಹುಡುಗ ಒಲ್ಲೆ ಅಂದಾಗ ತಂಡಕ್ಕೆ ಮರುವರ್ಷ ಪರಿಹಾರವಾಗಿ ಇನ್ನೊಂದು ಆಯ್ಕೆ ಸಿಗುತ್ತಿತ್ತು. ಮೊಣಕೈಗೂ ಆ 31 ಲಕ್ಷಕ್ಕೂ ಸಂಬಂಧವಿರಲಿಲ್ಲ, ನಿಯಮ ಪುಸ್ತಕಕ್ಕಿತ್ತು. ಗಡುವಿನ ದಿನ ಕೊಡುಗೆ 50 ಲಕ್ಷಕ್ಕೆ ಏರಿತು. ಹುಡುಗ ಒಲ್ಲೆ ಅಂದ.

ಆಮೇಲೆ ಏನಾಯಿತು ನೋಡಿ. 2015ರ ಮಾರ್ಚ್‌ನಲ್ಲಿ ಐಕೆನ್‌ಗೆ ಮೊಣಕೈ ಶಸ್ತ್ರಚಿಕಿತ್ಸೆಯಾಯಿತು. ಆ ಜೂನ್‌ನಲ್ಲಿ ಕ್ಲೀವ್‌ಲ್ಯಾಂಡ್ ತಂಡ 17ನೆಯವನಾಗಿ ಆರಿಸಿ ಸುಮಾರು 25 ಲಕ್ಷ ಕೊಟ್ಟಿತು. ಮೇಜರ್ ಲೀಗ್‌ನಲ್ಲಿ ಅವನು ಆಡಲೇ ಇಲ್ಲ. ಆಸ್ಟ್ರೋಸ್‌ಗೆ? ಪರಿಹಾರದ ಆಯ್ಕೆಯಲ್ಲಿ ಅಲೆಕ್ಸ್ ಬ್ರೆಗ್ಮನ್ ಸಿಕ್ಕ, ಎರಡು ವರ್ಷದ ನಂತರ ವಿಶ್ವ ಸರಣಿಯೂ ಸಿಕ್ಕಿತು. ತಂಡ ಹೇಳಿದ್ದೇ ಸರಿಯಾಯಿತಲ್ಲ ಅನ್ನುವವರಿದ್ದಾರೆ. ಮೊಣಕೈ ಬಗ್ಗೆ ಸರಿಯಾಯಿತು, ಒಪ್ಪೋಣ. ನಮ್ಮ ತಕರಾರು ಬೇರೆ. ಒಂದೇ ವ್ಯವಹಾರದಲ್ಲಿ ಮಾತು ಮುರಿದುಬಿದ್ದರೆ ಕೋಟ್ಯಂತರ ಡಾಲರ್‌ನ ಸಂಸ್ಥೆಗೆ ವಿಮೆ, 18 ತುಂಬದ ಹುಡುಗನಿಗೆ ಬರಿಗೈ. ಈ ನಿಯಮ ಬರೆದವರು ಯಾರು?

ಇದೇ ಕಥೆಯಲ್ಲಿ ಇನ್ನೊಬ್ಬ ಹುಡುಗನಿದ್ದ, ಅವನನ್ನು ಎಲ್ಲರೂ ಮರೆಯುತ್ತಾರೆ. ಜೇಕಬ್ ನಿಕ್ಸ್. ಅದೇ ಆಸ್ಟ್ರೋಸ್ ಅದೇ ವರ್ಷ ಐದನೇ ಸುತ್ತಿನಲ್ಲಿ ಆರಿಸಿ 15 ಲಕ್ಷಕ್ಕೆ ಒಪ್ಪಿಕೊಂಡಿದ್ದ ಪಿಚರ್. ಅವನ ಮೊಣಕೈಗೆ ಏನೂ ಆಗಿರಲಿಲ್ಲ. ಆದರೆ 2012ರಿಂದ ಪ್ರತಿ ತಂಡದ ಬೋನಸ್ ಹಣಕ್ಕೆ ಒಟ್ಟು ಮಿತಿ ಇದೆ. ಐಕೆನ್‌ನಲ್ಲಿ ಉಳಿಸಿದ್ದನ್ನು ನಿಕ್ಸ್‌ಗೆ ಕೊಡುವ ಲೆಕ್ಕ ಇವರದು. ಐಕೆನ್ ಸಹಿ ಹಾಕದಿದ್ದಾಗ ಅವನ ಸ್ಲಾಟ್ ಹಣವೇ ಲೆಕ್ಕದಿಂದ ಮಾಯವಾಯಿತು. ನಿಕ್ಸ್‌ಗೆ ಕೊಟ್ಟ ಮಾತು ಉಳಿಸಿಕೊಂಡರೆ ಮಿತಿ ಮೀರಿ ಮುಂದಿನ ಆಯ್ಕೆಗಳಿಗೆ ಕತ್ತರಿ ಬೀಳುತ್ತಿತ್ತು. ಹಾಗಾಗಿ ಮಾತು ಹೋಯಿತು. ನಿಕ್ಸ್ ದೂರು ಕೊಟ್ಟ, ಕೊನೆಗೆ ರಾಜಿಯಾಯಿತು. ಒಬ್ಬನ ಮೊಣಕೈ ನೋಡಿ ಇನ್ನೊಬ್ಬನ ಒಪ್ಪಂದ ಮುರಿಯುವ ವ್ಯವಸ್ಥೆಗೆ ಇವರು ಕೊಟ್ಟಿರುವ ಹೆಸರು ಸಮಾನ ಸ್ಪರ್ಧೆ.

ಮಿತಿ ಯಾರಿಗಾಗಿ ಅನ್ನುವುದಕ್ಕೆ ಮಾಲೀಕರೊಬ್ಬರ ಬಾಯಿಂದಲೇ ಸಾಕ್ಷಿ ಇದೆ. 2021ರಲ್ಲಿ ನ್ಯೂಯಾರ್ಕ್ ಮೆಟ್ಸ್ 10ನೆಯವನಾಗಿ ಕುಮಾರ್ ರಾಕರ್ ಎಂಬ ಪಿಚರ್‌ನನ್ನು ಆರಿಸಿತು. ತಾಯಿಯ ಕಡೆಯಿಂದ ಭಾರತೀಯ ಮೂಲ. 2019ರಲ್ಲಿ ವ್ಯಾಂಡರ್ಬಿಲ್ಟ್ ವಿಶ್ವವಿದ್ಯಾಲಯಕ್ಕೆ ಆಡುತ್ತಾ ಡ್ಯೂಕ್ ವಿರುದ್ಧ ಒಂದೂ ಹಿಟ್ ಕೊಡದೆ 19 ಜನರನ್ನು ಸ್ಟ್ರೈಕ್‌ಔಟ್ ಮಾಡಿದ್ದವನು. 60 ಲಕ್ಷಕ್ಕೆ ಮಾತಾಯಿತು, ತಪಾಸಣೆಯಾಯಿತು, ತಂಡ ಕೊಡುಗೆಯನ್ನೇ ಇಡಲಿಲ್ಲ. ಡ್ರಾಫ್ಟ್‌ಗೆ ಮುಂಚಿನ ಎಂಆರ್‌ಐ ವ್ಯವಸ್ಥೆಗೆ ರಾಕರ್ ಒಳಪಟ್ಟಿರಲಿಲ್ಲ, ಹಾಗಾಗಿ ತಂಡಕ್ಕೆ ಕಟ್ಟುಪಾಡೂ ಇರಲಿಲ್ಲ. ಇದು ಅವನ ಕಡೆಯವರ ಲೆಕ್ಕಾಚಾರದ ತಪ್ಪು ಅಂತ ಬೇಕಾದರೆ ಅನ್ನಿ. ಆದರೆ ಅದೇ ದಿನಗಳಲ್ಲಿ ಮೆಟ್ಸ್ ಮಾಲೀಕ ಸ್ಟೀವ್ ಕೋಹೆನ್ ಟ್ವೀಟ್ ಮಾಡಿದ್ದನ್ನು ಗಮನಿಸಿ. ಡ್ರಾಫ್ಟ್‌ನ ಆಯ್ಕೆಯೊಂದು ತಂಡಕ್ಕೆ ಸ್ಲಾಟ್ ಬೆಲೆಯ ಐದು ಪಟ್ಟಿನವರೆಗೆ ಬಾಳುತ್ತದೆ, ಅಂಥ ಲಾಭದ ಹೂಡಿಕೆಗೆ ತಾವು ಹಿಂಜರಿಯುವವರಲ್ಲ ಎಂಬ ಅರ್ಥದ ಮಾತು. ಅಂದರೆ ನೂರು ರೂಪಾಯಿ ಬಾಳುವ ಮಾಲಿಗೆ ಇಪ್ಪತ್ತು ಕೊಡುತ್ತೇವೆ ಅಂತ ಖರೀದಿದಾರನೇ ಹೇಳಿದ ಹಾಗಾಯಿತು. ಇಷ್ಟಾದ ಮೇಲೂ ದುರಾಸೆ ಹುಡುಗನದ್ದಂತೆ!

ರಾಕರ್ ಭುಜದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ, ಸ್ವತಂತ್ರ ಲೀಗ್‌ನಲ್ಲಿ ಸಣ್ಣ ತಂಡವೊಂದಕ್ಕೆ ಆಡಿದ, 2022ರಲ್ಲಿ ಟೆಕ್ಸಸ್ ರೇಂಜರ್ಸ್‌ಗೆ 3ನೇ ಆಯ್ಕೆಯಾದ. 52 ಲಕ್ಷ. 2024ರಲ್ಲಿ ಮೇಜರ್ ಲೀಗ್‌ಗೂ ಬಂದ. ನಡುವೆ ಕಳೆದುಹೋದ ಒಂದು ವರ್ಷ ಅವನದೇ ಖಾತೆಗೆ. 2022ರ ಒಪ್ಪಂದದಲ್ಲಿ ಒಂದು ಬದಲಾವಣೆಯೂ ಆಯಿತು: ಮುಂಚೆಯೇ ತಪಾಸಣೆಗೆ ಒಪ್ಪುವ ಅಗ್ರ ಆಟಗಾರರಿಗೆ ಸ್ಲಾಟ್ ಬೆಲೆಯ ಶೇ. 75ರಷ್ಟಾದರೂ ಕೊಡಬೇಕು. ಐಕೆನ್ ಎದುರು ಇಟ್ಟಿದ್ದು ಶೇ. 40. ಸುಮ್ಮನೆ ಸಹಿ ಹಾಕಿ ಹೋದವರಿಂದ ಇಂಥ ಬದಲಾವಣೆ ಬರುವುದಿಲ್ಲ.

ಒಲ್ಲೆ ಅಂದವರೆಲ್ಲ ಗೆಲ್ಲುತ್ತಾರೆ ಅಂತ ನಾವು ಹೇಳುತ್ತಿಲ್ಲ. ಮ್ಯಾಟ್ ಹ್ಯಾರಿಂಗ್ಟನ್ ಇದ್ದಾನೆ. 2000ದಲ್ಲಿ ಕೊಲರಾಡೊ ರಾಕೀಸ್ 7ನೆಯವನಾಗಿ ಆರಿಸಿತು, ಸುಮಾರು 40 ಲಕ್ಷ ಡಾಲರ್‌ನ ಮಾತು ಮುರಿಯಿತು. ಮುಂದಿನ ನಾಲ್ಕು ವರ್ಷ ನಾಲ್ಕು ಬೇರೆ ತಂಡಗಳು ಅವನನ್ನು ಕೆಳಗೆ, ಇನ್ನೂ ಕೆಳಗೆ ಆರಿಸಿದವು. ಯಾರಿಗೂ ಸಹಿ ಹಾಕಲಾಗದೆ ಮುಗಿಯಿತು. ಹುಡುಗರನ್ನು ಹೆದರಿಸಲು ಈ ಹೆಸರು ಇವತ್ತಿಗೂ ಬಳಕೆಯಲ್ಲಿದೆ. ಹೆದರಿಸುವವರು ಗೆರಿಟ್ ಕೋಲ್ ಹೆಸರನ್ನು ಮಾತ್ರ ಎತ್ತುವುದಿಲ್ಲ. 2008ರಲ್ಲಿ ನ್ಯೂಯಾರ್ಕ್ ಯಾಂಕೀಸ್ ಮೊದಲ ಸುತ್ತಿನಲ್ಲೇ ಕರೆದರೂ ಬೇಡ ಅಂದು ಕಾಲೇಜಿಗೆ ಹೋದ. 2011ರಲ್ಲಿ ದೇಶಕ್ಕೇ ಮೊದಲನೆಯವನಾಗಿ 80 ಲಕ್ಷ ಪಡೆದ. 2019ರಲ್ಲಿ ಅದೇ ಯಾಂಕೀಸ್ ಅವನಿಗೆ 32.4 ಕೋಟಿ ಡಾಲರ್‌ನ ಒಪ್ಪಂದ ಕೊಟ್ಟಿತು.

ಇಷ್ಟು ದೊಡ್ಡ ಜೂಜಿನಲ್ಲಿ ಹುಡುಗನ ಪಕ್ಕ ಕೂತು ಮಾತಾಡುವವರು ಯಾರು? ಇಲ್ಲಿದೆ ಅಸಲಿ ಹಗರಣ. ಕಾಲೇಜು ಕ್ರೀಡೆಯನ್ನು ಆಳುವ ಎನ್‌ಸಿಎಎ ದಶಕಗಳ ಕಾಲ ಹೇಳಿದ್ದು ಇದು: ಸಲಹೆಗಾರ ಇರಬಹುದು, ಆದರೆ ಅವನು ತಂಡದ ಜೊತೆ ಮಾತಾಡಿದರೆ ನೀನು ಕಾಲೇಜಿನಲ್ಲಿ ಆಡುವ ಅರ್ಹತೆ ಕಳೆದುಕೊಳ್ಳುತ್ತೀ. ಆಂಡಿ ಆಲಿವರ್ ಪ್ರಕರಣ ನೋಡಿ. 2006ರಲ್ಲಿ ಮಿನ್ನೆಸೋಟ ಟ್ವಿನ್ಸ್‌ನವರು ಮನೆಗೆ ಬಂದು 3.9 ಲಕ್ಷ ಡಾಲರ್ ಮುಂದಿಟ್ಟಾಗ ಸಲಹೆಗಾರ ಅಲ್ಲಿ ಕೂತಿದ್ದರು. ಹುಡುಗ ಹಣ ಬೇಡ ಅಂದು ಒಕ್ಲಹೋಮ ಸ್ಟೇಟ್ ಸೇರಿದ. ಎರಡು ವರ್ಷ ಕಳೆದು ಸಲಹೆಗಾರರನ್ನು ಬದಲಿಸಿದಾಗ ಹಳಬರು ಬಿಲ್ ಕಳಿಸಿದರು, ವಿಷಯವನ್ನು ಎನ್‌ಸಿಎಎಗೂ ಮುಟ್ಟಿಸಿದರು. 2008ರ ಮುಖ್ಯ ಪಂದ್ಯಾವಳಿಯ ಹೊಸ್ತಿಲಲ್ಲಿ ಅಮಾನತು. 2009ರಲ್ಲಿ ಒಹಾಯೋದ ನ್ಯಾಯಾಧೀಶರು ಹುಡುಗನ ಪರ ತೀರ್ಪು ಕೊಟ್ಟರು. ಎನ್‌ಸಿಎಎ 7.5 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು, ರಾಜಿಯ ಜೊತೆ ತೀರ್ಪೂ ರದ್ದಾಯಿತು, ನಿಯಮ ಹಾಗೇ ಉಳಿಯಿತು.

2013ರಲ್ಲಿ ಫಿಲಡೆಲ್ಫಿಯ ಫಿಲೀಸ್ ಐದನೇ ಸುತ್ತಿನಲ್ಲಿ ಆರಿಸಿದ ಬೆನ್ ವೆಟ್ಜ್ಲರ್ ಕಾಲೇಜಿನ ಕೊನೇ ವರ್ಷಕ್ಕೆ ವಾಪಸಾದ. ಏಜೆಂಟ್ ಬಳಸಿದ ಅಂತ ತಂಡವೇ ದೂರು ಕೊಟ್ಟಿತು. 11 ಪಂದ್ಯ ಅಮಾನತು. ತನ್ನ ಕಡೆ ಹತ್ತಾರು ವಕೀಲರು, ವೈದ್ಯರು, ಲೆಕ್ಕಿಗರನ್ನು ಇಟ್ಟುಕೊಂಡ ಸಂಸ್ಥೆ, ಎದುರು ಕೂತ ಹುಡುಗ ಒಬ್ಬನನ್ನು ಕೇಳಿದ್ದಕ್ಕೆ ಚಾಡಿ ಹೇಳಿತು. 2016ರಲ್ಲಿ ಹೈಸ್ಕೂಲು ಮುಗಿಸಿದವರಿಗೆ ಈ ನಿಯಮ ಸಡಿಲವಾಯಿತು. ಅಷ್ಟು ಹೊತ್ತಿಗೆ ಡ್ರಾಫ್ಟ್‌ಗೆ ವಯಸ್ಸು ಐವತ್ತಾಗಿತ್ತು.

ಒಮ್ಮೆ ಸಹಿ ಬಿದ್ದರೆ? 18 ಅಥವಾ ಅದಕ್ಕಿಂತ ಚಿಕ್ಕ ವಯಸ್ಸಿನಲ್ಲಿ ಸಹಿ ಹಾಕಿದವನು ಮೈನರ್ ಲೀಗ್‌ನಲ್ಲಿ ಏಳು ವರ್ಷ ಅದೇ ತಂಡದ ಹಿಡಿತದಲ್ಲಿ. 19 ಆದವನಿಗೆ ಈಗ ಆರು. ಚಿಕ್ಕವನಿಗೇ ಉದ್ದ ಹಗ್ಗ. ಮೇಜರ್ ಲೀಗ್ ತಲುಪಿದರೆ ಅಲ್ಲಿ ಮತ್ತೆ ಆರು ವರ್ಷ. ಮೈನರ್ ಲೀಗ್ ಆಟಗಾರರಿಗೆ ಕನಿಷ್ಠ ವೇತನ ಕಾನೂನು ಅನ್ವಯವಾಗದಂತೆ 2018ರಲ್ಲಿ ಅಮೆರಿಕದ ಸಂಸತ್ತು ಬಜೆಟ್ ಮಸೂದೆಯೊಳಗೆ ಒಂದು ತಿದ್ದುಪಡಿ ತೂರಿಸಿತ್ತು. ಹೆಸರು ಮಾತ್ರ 'ಅಮೆರಿಕದ ನೆಚ್ಚಿನ ಆಟ ಉಳಿಸಿ' ಅನ್ನುವಂಥದ್ದು. 2022ರಲ್ಲಿ ಆಟಗಾರರು ಸಂಘ ಕಟ್ಟಿದ ಮೇಲೆ, 2023ರಲ್ಲಿ ತೀರಾ ಕೆಳಗಿನ ಹಂತದ ವಾರ್ಷಿಕ ಸಂಬಳ 4,800 ಡಾಲರ್‌ನಿಂದ 19,800ಕ್ಕೆ ಏರಿತು.

ಇದುವರೆಗೆ ಹೇಳಿದ್ದು ಒಲ್ಲೆ ಅನ್ನಬಲ್ಲ ಹುಡುಗರ ಕಥೆ. ಡೊಮಿನಿಕನ್ ಗಣರಾಜ್ಯದ ಹುಡುಗನಿಗೆ ಅದೂ ಇಲ್ಲ. ಅವನು ಡ್ರಾಫ್ಟ್‌ಗೆ ಬರುವುದಿಲ್ಲ, ಎದುರು ಹಿಡಿಯಲು ಕಾಲೇಜಿನ ಸೀಟೂ ಅವನ ಕೈಲಿಲ್ಲ. 16ಕ್ಕೆ ನೇರ ಸಹಿ. ಅದಕ್ಕೂ ಮುಂಚೆ 12-13ರಲ್ಲೇ ಬಾಯಿಮಾತಿನ ಒಪ್ಪಂದಗಳಾಗುತ್ತವೆ, ಕಾಗದ ಇರುವುದಿಲ್ಲ, ತಂಡ ಹಿಂದೆ ಸರಿದರೆ ಕೇಳುವವರಿಲ್ಲ. ಬುಸ್ಕೋನ್ ಅಂತ ಕರೆಯುವ ಸ್ಥಳೀಯ ತರಬೇತುದಾರ ಊಟ, ವಸತಿ ಕೊಟ್ಟು ಸಾಕುತ್ತಾನೆ, ಬೋನಸ್ ಬಂದಾಗ ದೊಡ್ಡ ಪಾಲು ಮುರಿದುಕೊಳ್ಳುತ್ತಾನೆ. 2006ರಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ 14 ಲಕ್ಷ ಡಾಲರ್ ಕೊಟ್ಟು ತಂದ 16ರ ಹುಡುಗ ನಿಜಕ್ಕೂ ನಾಲ್ಕು ವರ್ಷ ದೊಡ್ಡವನು, ಹೆಸರೂ ಬೇರೆ ಅಂತ 2009ರಲ್ಲಿ ಬಯಲಾಯಿತು. ಆಮೇಲೆ ಡಿಎನ್‌ಎ ಪರೀಕ್ಷೆ, ಮೂಳೆ ಸ್ಕ್ಯಾನು. ದನದ ಜಾತ್ರೆಯಲ್ಲಿ ಹಲ್ಲು ಎಣಿಸಿ ವಯಸ್ಸು ಹೇಳುವುದನ್ನು ನೋಡಿ ಬೆಳೆದ ನಮಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಸುಳ್ಳು ಹೇಳಿದ್ದು ತಪ್ಪೇ. ಆದರೆ 16ಕ್ಕೆ ಲಕ್ಷಗಟ್ಟಲೆ, 20ಕ್ಕೆ ಚಿಲ್ಲರೆ ಅಂತ ದರಪಟ್ಟಿ ಹಾಕಿದವರು ಆ ಸುಳ್ಳಿನ ಪಾಲುದಾರರಲ್ಲವೇ?

ಇದಕ್ಕೆ ಮದ್ದು ಅಂತರರಾಷ್ಟ್ರೀಯ ಡ್ರಾಫ್ಟ್ ಅಂತ ಲೀಗ್ ಹೇಳುತ್ತದೆ. 2022ರ ಜುಲೈನಲ್ಲಿ ಆಟಗಾರರ ಸಂಘ ಅದನ್ನು ತಿರಸ್ಕರಿಸಿತು. ಸರಿ ಮಾಡಿತು ಅನ್ನುವುದು ನಮ್ಮ ನಿಲುವು. 30 ತಂಡಗಳಲ್ಲಿ ಒಂದನ್ನು ಆರಿಸುವ ಕೊನೆಯ ಅವಕಾಶವನ್ನೂ ಕಿತ್ತುಕೊಂಡು, ಮಕ್ಕಳ ರಕ್ಷಣೆಗಾಗಿ ಅನ್ನುವುದು ಮೋಸ. ರಕ್ಷಣೆ ಬೇಕಿದ್ದರೆ 16ಕ್ಕೆ ಮುಂಚೆ ಮಾತಾಡಿದ ತಂಡದ ಬೋನಸ್ ಹಣ ಕಡಿಯಲಿ. 2017ರಲ್ಲಿ ಅಟ್ಲಾಂಟ ಬ್ರೇವ್ಸ್ ಅಕ್ರಮವಾಗಿ ಸೇರಿಸಿಕೊಂಡ 13 ಹುಡುಗರನ್ನು ಲೀಗ್ ಬಿಡಿಸಿತ್ತು. ಅಂದರೆ ಮನಸ್ಸು ಮಾಡಿದರೆ ಕೈಲಾಗುತ್ತದೆ.

ಬೇಸ್‌ಬಾಲ್ ಬಗ್ಗೆ ನಿಮಗ್ಯಾಕೆ ತಲೆನೋವು ಅನ್ನುವವರಿಗೆ: ಈ ಕಥೆಗಳು ನಮಗೆ ತಲುಪುವುದು ಹೇಗೆ ಅನ್ನುವುದು ನಮ್ಮ ಕಸುಬಿಗೆ ಸೇರಿದ್ದು. 2008ರಲ್ಲಿ ಉತ್ತರ ಪ್ರದೇಶದ ಹಳ್ಳಿಗಳ ಇಬ್ಬರು ಜಾವೆಲಿನ್ ಎಸೆತಗಾರರು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್, ಟಿವಿ ಸ್ಪರ್ಧೆಯೊಂದರ ಮೂಲಕ ಪಿಟ್ಸ್‌ಬರ್ಗ್ ಪೈರೇಟ್ಸ್‌ಗೆ ಸಹಿ ಹಾಕಿದರು. ಇಬ್ಬರೂ ಮೇಜರ್ ಲೀಗ್ ಮುಟ್ಟಲಿಲ್ಲ. 2014ರಲ್ಲಿ ಡಿಸ್ನಿಯ ಸಿನಿಮಾ ಬಂತು, ಐಕೆನ್ ಒಲ್ಲೆ ಅಂದದ್ದಕ್ಕೆ ಎರಡು ತಿಂಗಳ ಮುಂಚೆ. ಅದರಲ್ಲಿ ನಾಯಕ ಯಾರು? ಏಜೆಂಟ್.

ಇಲ್ಲಿಯೂ ಅಷ್ಟೇ. 2015ರಲ್ಲಿ ಕೊಡಗಿನ ಕೆ.ಸಿ. ಕಾರ್ಯಪ್ಪ 2.4 ಕೋಟಿಗೆ ಕೋಲ್ಕತ್ತ ತಂಡಕ್ಕೆ ಹೋದಾಗ, 2024ರಲ್ಲಿ ಬಿಹಾರದ 13ರ ವೈಭವ್ ಸೂರ್ಯವಂಶಿ 1.10 ಕೋಟಿಗೆ ಹೋದಾಗ, ಶೀರ್ಷಿಕೆಯಲ್ಲಿ ಇದ್ದದ್ದು ಬೆಲೆ. ಒಪ್ಪಂದದಲ್ಲಿ ಏನು ಬರೆದಿದೆ, ಗಾಯವಾದರೆ ಯಾರು ನೋಡುತ್ತಾರೆ, ಓದು ಏನಾಯಿತು, ಮನೆಯಲ್ಲಿ ಆ ಕಾಗದ ಓದಿದವರು ಯಾರು? ಕ್ರೀಡಾ ವರದಿಗೆ ಹೋಗುವ ನಮ್ಮ ಕಿರಿಯರಿಗೆ ನಾವು ಕೊಡುವ ಪ್ರಶ್ನೆಗಳ ಪಟ್ಟಿ ಇದೇ. ಬೆಲೆಯನ್ನು ಕೊನೆಯ ಪ್ಯಾರಾಕ್ಕೆ ಇಟ್ಟುಕೊಳ್ಳಿ.

ಅಂದ ಹಾಗೆ, 2023ರ ಆ ಸಂಬಳ ಏರಿಕೆಯ ಒಪ್ಪಂದ ಡೊಮಿನಿಕನ್ ಅಕಾಡೆಮಿಗಳಲ್ಲಿರುವ ಹುಡುಗರಿಗೆ ಅನ್ವಯವಾಗುವುದಿಲ್ಲ. 30 ತಂಡಗಳೂ ಅಲ್ಲಿ ಅಕಾಡೆಮಿ ನಡೆಸುತ್ತವೆ.