ಎಂಟು ಹಾಕಲು ಬರುತ್ತದೆ, ನಿಲ್ಲಿಸಲು ಬರುವುದಿಲ್ಲ

ಬೆಂಗಳೂರು ಗ್ರಾಮಾಂತರ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ದೊಡ್ಡಬಳ್ಳಾಪುರದಲ್ಲಿ 26 ವರ್ಷದಿಂದ ಬೈಕ್ ರಿಪೇರಿ ಮಾಡಿಕೊಂಡು ಬದುಕುತ್ತಿರುವವನು. ಬೀರಸಂದ್ರದ ಜಿಲ್ಲಾಡಳಿತ ಭವನಕ್ಕೆ ಬಂದದ್ದು ಎರಡೇ ಸಲ, ಎರಡೂ ಜಮೀನಿನ ಕೆಲಸಕ್ಕೆ. ಈ ಸಲದ ಕೆಲಸ ಜಮೀನಿನದೇ, ಆದರೆ ನನ್ನದಲ್ಲ. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ನೀವೇ ಅಧ್ಯಕ್ಷರು. ಪೊಲೀಸರು, ಆರ್‌ಟಿಒ, ಲೋಕೋಪಯೋಗಿಯವರು ಎಲ್ಲ ಒಂದೇ ಮೇಜಿನ ಸುತ್ತ ಕೂರುವುದು ನಿಮ್ಮ ಮುಂದೆ ಮಾತ್ರ. ಹಾಗಾಗಿ ಈ ಕಾಗದ ನಿಮಗೆ.

ಮೊದಲು ಗ್ಯಾರೇಜಿನ ಒಂದು ವಿಷಯ ಹೇಳಿಬಿಡುತ್ತೇನೆ. ಹಳೆಯ ಸ್ಪ್ಲೆಂಡರ್ ಒಂದು ಸರ್ವೀಸಿಗೆ ಬಂತು ಅನ್ನಿ. ಎರಡೂ ಚಕ್ರ ಬಿಚ್ಚುತ್ತೇನೆ. ಹಿಂದಿನ ಬ್ರೇಕ್ ಶೂ ಲೋಹಕ್ಕೆ ಲೋಹ ತಾಗುವಷ್ಟು ಸವೆದಿರುತ್ತದೆ. ಮುಂದಿನದು ಶೋರೂಮಿನಿಂದ ಬಂದಂತೆಯೇ ಇರುತ್ತದೆ. ಎಷ್ಟೋ ಗಾಡಿಗಳಲ್ಲಿ ಮುಂದಿನ ಬ್ರೇಕಿನ ವೈರು ಬಳಕೆಯೇ ಇಲ್ಲದೆ ತುಕ್ಕು ಹಿಡಿದು ಬಿಗಿದುಕೊಂಡಿರುತ್ತದೆ, ಎಣ್ಣೆ ಬಿಟ್ಟು ಎಳೆದಾಡಬೇಕು. ಡಿಸ್ಕ್ ಇರುವ ಪಲ್ಸರ್‌ಗಳಲ್ಲೂ ಇದೇ ಕತೆ. ಗಾಡಿ ಓಡಿಸುವವನು ಹೇಗೆ ಓಡಿಸುತ್ತಾನೆಂದು ಅವನ ಬಾಯಿಂದ ಕೇಳಬೇಕಾಗಿಲ್ಲ, ಬ್ರೇಕ್ ಶೂ ಹೇಳುತ್ತದೆ. ನಮ್ಮ ತಾಲ್ಲೂಕಿನ ಅರ್ಧಕ್ಕರ್ಧ ಹುಡುಗರು ಅರ್ಧ ಬ್ರೇಕಿನಲ್ಲೇ ಓಡಾಡುತ್ತಿದ್ದಾರೆ.

ಅರ್ಧ ಅಂದದ್ದೂ ಹೆಚ್ಚಾಯಿತು. ಬೈಕು ನಿಲ್ಲುವಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಮುಂದಿನ ಟೈರು ನೆಲವನ್ನು ಒತ್ತಿ ಹಿಡಿಯುತ್ತದೆ, ಹಿಂದಿನದು ಹಗುರಾಗುತ್ತದೆ. ಹಗುರಾದ ಚಕ್ರವನ್ನು ತುಳಿದು ನಿಲ್ಲಿಸ ಹೊರಟರೆ ಅದು ನಿಲ್ಲುವುದಿಲ್ಲ, ಜಾರುತ್ತದೆ. ಬರೀ ಹಿಂದಿನ ಬ್ರೇಕಿನಲ್ಲಿ ನಿಲ್ಲಲು ಬೇಕಾಗುವ ಜಾಗ, ಎರಡೂ ಹಿಡಿದಾಗ ಬೇಕಾಗುವುದರ ಹೆಚ್ಚುಕಡಿಮೆ ಎರಡರಷ್ಟು. ಇನ್ನೊಂದು ಲೆಕ್ಕ ನೋಡಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ನನ್ನ ಗ್ಯಾರೇಜಿರುವ ಸಾಲಿನಲ್ಲಿ ಅದು ಐದು ಅಂಗಡಿ. 'ಅಯ್ಯೋ' ಅಂದುಕೊಳ್ಳುವಷ್ಟರಲ್ಲಿ ಐದು ಅಂಗಡಿ ದಾಟಿರುತ್ತದೆ, ಬ್ರೇಕು ಶುರುವಾಗುವುದು ಆಮೇಲೆ.

ಹಾಗಾದರೆ ಮುಂದಿನ ಬ್ರೇಕ್ ಯಾಕೆ ಹಿಡಿಯುವುದಿಲ್ಲ? ಯಾಕೆಂದರೆ ಬೈಕು ಕಲಿಯುವಾಗ ಅಣ್ಣನೋ, ಮಾವನೋ, ಪಕ್ಕದ ಮನೆಯವನೋ ಹೇಳಿಕೊಡುವ ಒಂದೇ ಒಂದು ಪಾಠ ಇದು: 'ಮುಂದಿನ ಬ್ರೇಕ್ ಮುಟ್ಟಬೇಡ, ಮಗುಚ್ಕೊಂಡು ಬೀಳ್ತೀಯ.' ಈ ಮಾತು ಪೂರಾ ಸುಳ್ಳೂ ಅಲ್ಲ, ಅದೇ ತೊಂದರೆ. ಸಂಕ್ರಾಂತಿಯ ಆಸುಪಾಸಿನಲ್ಲಿ ನಮ್ಮ ಹಳ್ಳಿ ರಸ್ತೆಗಳಿಗೆ ಬನ್ನಿ. ಕಣ ಮಾಡುವವರು ಕಡಿಮೆಯಾಗಿ ಟಾರು ರಸ್ತೆಯೇ ಕಣವಾಗಿದೆ. ರಾಗಿ ತೆನೆ, ಹುರುಳಿ ಗಿಡ ಮೊಣಕಾಲುದ್ದ ಹರಡಿರುತ್ತಾರೆ, ಬಸ್ಸು ಲಾರಿ ಹತ್ತಿ ಒಕ್ಕಣೆಯಾಗಲಿ ಅಂತ. ಹುರುಳಿ ಕಾಳಿನ ಮೇಲೆ ಮುಂದಿನ ಬ್ರೇಕ್ ಹಿಡಿದವನು ಬಿದ್ದೇ ಬೀಳುತ್ತಾನೆ. ನಾನೂ ಬಿದ್ದಿದ್ದೇನೆ, ಎಡ ಮೊಣಕೈಯಲ್ಲಿ ಗುರುತಿದೆ. ಹ್ಯಾಂಡಲ್ ತಿರುಗಿಸಿಕೊಂಡು ಹಿಡಿದರೂ ಬೀಳುತ್ತಾರೆ, ಗಾಬರಿಯಲ್ಲಿ ಗಬಕ್ಕನೆ ಹಿಡಿದರೂ ಬೀಳುತ್ತಾರೆ. ಹೀಗೆ ಒಂದು ಸಲ ಬಿದ್ದವನು ಹತ್ತು ಜನಕ್ಕೆ 'ಮುಟ್ಟಬೇಡ' ಅನ್ನುತ್ತಾನೆ. ಎಲ್ಲಿ ಮುಟ್ಟಬಾರದು, ಎಲ್ಲಿ ಮುಟ್ಟಲೇಬೇಕು, ಹೇಗೆ ಮೆಲ್ಲಗೆ ಒತ್ತುತ್ತಾ ಹೋಗಬೇಕು ಅಂತ ಹೇಳಿಕೊಡುವವರು ಯಾರೂ ಇಲ್ಲ.

ಇದು ನನಗೆ ಸರಿಯಾಗಿ ಅರ್ಥವಾದದ್ದು ಮಗಳು ಕಲಿಯಲು ಹೊರಟಾಗ. 19 ವರ್ಷ, ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಹೋಗುವಾಗ ಬಸ್ಸಿದೆ, ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿಗೆ ಕಾಸೂ ಕೊಡಬೇಕಾಗಿಲ್ಲ. ಸೆಕೆಂಡ್ ಶಿಫ್ಟ್ ಮುಗಿಸಿ ಬರುವಾಗ ಮಾತ್ರ ಯಾವ ಬಸ್ಸೂ ಇಲ್ಲ. ಕಲಿಕಾ ಲೈಸೆನ್ಸಿಗೆ (ಎಲ್‌ಎಲ್) ಕಷ್ಟವಾಗಲಿಲ್ಲ. ಸಾರಥಿ ಪೋರ್ಟಲ್‌ನಲ್ಲಿ ಆಧಾರ್ ಕೊಟ್ಟು ಮನೆಯಲ್ಲೇ ಕೂತು ಪರೀಕ್ಷೆ ಬರೆದಳು. (ಬೇರೆಯವರ ಪರೀಕ್ಷೆಯನ್ನು ಸೈಬರ್ ಸೆಂಟರಿನ ಹುಡುಗರು ಬರೆದುಕೊಡುವುದೂ ಉಂಟು. ಕಲಿಕಾ ಲೈಸೆನ್ಸಿನ ಪ್ರಶ್ನೆಗಳನ್ನು ಜಿಲ್ಲೆಯಲ್ಲಿ ಅತಿ ಚೆನ್ನಾಗಿ ಬಲ್ಲವರು ಅವರೇ ಇರಬೇಕು.) ಡಿಎಲ್ ಪರೀಕ್ಷೆಗೆ 30 ದಿನ ಕಾಯಬೇಕು, ಎಲ್‌ಎಲ್ ಆರು ತಿಂಗಳು ನಡೆಯುತ್ತದೆ. ಆ ಅವಧಿಯಲ್ಲಿ ಕಲಿಯಬೇಕು ಎಂಬುದು ಕಾನೂನಿನ ಉದ್ದೇಶ. ಎಲ್ಲಿ ಕಲಿಯಬೇಕು ಅನ್ನುವುದನ್ನು ಯಾರೂ ಹೇಳಿಲ್ಲ.

ನಿಯಮದಂತೆ 18 ಸೆಂಟಿಮೀಟರ್ ಚೌಕದ ಬಿಳಿ ತಗಡು ಕತ್ತರಿಸಿ, 10 ಸೆಂಟಿಮೀಟರ್ ಎತ್ತರದ ಕೆಂಪು 'ಎಲ್' ಅಂಟಿಸಿ, ಮುಂದೊಂದು ಹಿಂದೊಂದು ಕಟ್ಟಿದೆ. 'ಅಪ್ಪ, ಇದನ್ನ ಯಾರೂ ಹಾಕಲ್ಲ, ನಗ್ತಾರೆ' ಅಂದಳು. ನಕ್ಕರು ಕೂಡ. ಭಾನುವಾರ ಬೆಳಗ್ಗೆ ಐದೂವರೆಗೆ ಊರ ಹೊರಗಿನ ಒಂದು ಲೇಔಟಿಗೆ ಹೋದೆವು. ನಮ್ಮ ಜಿಲ್ಲೆಯಲ್ಲಿ ಬೈಕು ಕಲಿತವರನ್ನು ಕೇಳಿ, ಎಲ್ಲರೂ ಕಲಿತದ್ದು ಇಂಥ ಲೇಔಟುಗಳಲ್ಲೇ. ಟಾರು ಹಾಕಿದೆ, ಸೈಟಿನ ಕಲ್ಲು ನೆಟ್ಟಿದೆ, ಮನೆ ಒಂದೂ ಎದ್ದಿಲ್ಲ.

ಮೊದಲ ಎರಡು ವಾರ ಕ್ಲಚ್ ಬಿಡುವುದು, ತಿರುಗಿಸುವುದು. ಮೂರನೇ ಭಾನುವಾರ ಇಟ್ಟಿಗೆ ಚೂರಿನಿಂದ ರಸ್ತೆಗೆ ಅಡ್ಡ ಗೆರೆ ಎಳೆದೆ. 30ರಲ್ಲಿ ಬಾ, ಗೆರೆ ದಾಟುತ್ತಿದ್ದಂತೆ ನಿಲ್ಲಿಸು ಅಂದೆ. ಮೊದಲು ಬರೀ ಹಿಂದಿನ ಬ್ರೇಕು. ಚಕ್ರ ಕಿರ್ರೆಂದು ಜಾರಿತು, ಹಿಂಭಾಗ ಬಲಕ್ಕೆ ಓಲಾಡಿತು, ಗಾಡಿ ನಿಂತಿತು. ಇಳಿದು ಹೆಜ್ಜೆ ಹಾಕಿ ಅಳೆದಳು: ಹದಿನೇಳು. ಆಮೇಲೆ ಎರಡೂ ಬ್ರೇಕು. ಮುಂದಿನದಕ್ಕೆ ಎರಡೇ ಬೆರಳು, ನಿಂಬೆಹಣ್ಣು ಹಿಂಡಿದ ಹಾಗೆ, ಹ್ಯಾಂಡಲ್ ನೇರ, ಕಣ್ಣು ದೂರದ ಕಂಬದ ಮೇಲೆ. ಹದಿಮೂರು ಹೆಜ್ಜೆ. ಏಳೆಂಟು ಸಲ ಆದ ಮೇಲೆ ಹತ್ತು. ಆ ಏಳು ಹೆಜ್ಜೆಯ ಜಾಗವನ್ನು ಅವಳು ನಿಂತು ನೋಡುತ್ತಲೇ ಇದ್ದಳು. 'ಇಷ್ಟರಲ್ಲಿ ಒಂದು ಹಸು ನಿಂತ್ಕೋಬಹುದು ಅಲ್ವಾ ಅಪ್ಪ' ಅಂದಳು. ಅಷ್ಟರಲ್ಲಿ ವಾಚ್‌ಮನ್ ಬಂದ. 'ಇದು ಪ್ರೈವೇಟ್ ಜಾಗ, ಓನರ್ ಬೈತಾರೆ, ಹೊರಡಿ' ಅಂದ. ಅವನದೇನೂ ತಪ್ಪಿಲ್ಲ.

ಆ ಪಾಠ ಅಲ್ಲಿಗೆ ನಿಂತಿತು.

ಪರೀಕ್ಷೆಯ ದಿನ ಬಂತು. ಯಾವ ಕಚೇರಿ ಅಂತ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಗೇಟಿನ ಹತ್ತಿರವೇ ಒಬ್ಬ ಏಜೆಂಟು ಹಿಡಿದ. 'ಯಜಮಾನ್ರೇ, ಹೆಣ್ಣುಮಗು, ಗೇರ್ ಎಲ್ಲ ಯಾಕೆ? ಗೇರ್‌ಲೆಸ್ ಮಾಡಿಸಿ. ನಮ್ ಸ್ಕೂಟರ್ ಇದೆ, ಅದರಲ್ಲೇ ಎಂಟು ಹಾಕಿಸ್ತೀವಿ.' ಕೇಂದ್ರದ ನಿಯಮದಲ್ಲಿ ಎಲ್‌ಎಲ್‌ಗೆ 150, ಅದರ ಪರೀಕ್ಷೆಗೆ 50, ಚಾಲನಾ ಪರೀಕ್ಷೆಗೆ 300, ಲೈಸೆನ್ಸಿಗೆ 200, ಒಟ್ಟು 700 ರೂಪಾಯಿ. ಅವನು ಕೇಳಿದ್ದು ಅದರ ಎಷ್ಟೋ ಪಟ್ಟು. ಅವನ ಸ್ಕೂಟರಿಗೆ ಕನ್ನಡಿಗಳೇ ಇರಲಿಲ್ಲ. ಸಾಲಿನಲ್ಲಿದ್ದ ಬಹಳಷ್ಟು ಜನ ಅದೇ ಒಂದು ಸ್ಕೂಟರಿನಲ್ಲಿ ಎಂಟು ಹಾಕಿ, ಅಂದರೆ ಎಂಟರ ಆಕಾರದಲ್ಲಿ ಸುತ್ತಿ, ಇಳಿದರು.

ಮಗಳು ನಮ್ಮ ಗಾಡಿಯಲ್ಲೇ ಹಾಕಿದಳು. ಒಂದನೇ ಗೇರು, ಅರ್ಧ ಕ್ಲಚ್ಚು, ಕಾಲು ಕೆಳಗೆ ಇಡಲಿಲ್ಲ. ಒಂದು ನಿಮಿಷವೂ ಹಿಡಿಯಲಿಲ್ಲ. 'ನೆಕ್ಸ್ಟ್' ಅಂದರು. ಹೊರಗೆ ಬಂದು ಅವಳು ಹೇಳಿದ್ದು ಇಷ್ಟೇ: 'ಅಪ್ಪ, ಬ್ರೇಕ್ ಹಿಡಿಯೋ ಪ್ರಮೇಯವೇ ಬರಲಿಲ್ಲ.'

ಎಂಟು ಹಾಕುವುದು ದಂಡ ಅಂತ ನಾನು ಹೇಳುವುದಿಲ್ಲ. ಸಂತೆಯ ದಿನ ಜನರ ನಡುವೆ ನುಸುಳಲು, ಟಿ.ಬಿ. ಸರ್ಕಲ್ಲಿನಲ್ಲಿ ಟ್ರ್ಯಾಕ್ಟರಿನ ಹಿಂದೆ ತೆವಳಲು ಆ ಹದ ಬೇಕು. ಆದರೆ ಜನ ಸಾಯುವುದು ನಡೆಯುವ ವೇಗದಲ್ಲಿ ಎಂಟು ಹಾಕುವಾಗ ಅಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮವನ್ನು ಯಾರಿಂದಲಾದರೂ ಓದಿಸಿ ನೋಡಿ. ಕನ್ನಡಿ ಸರಿಮಾಡಿಕೊಳ್ಳುವುದರಿಂದ ಹಿಡಿದು ತುರ್ತಿನಲ್ಲಿ ಗಾಡಿ ನಿಲ್ಲಿಸುವವರೆಗೆ ಏನೇನು ಪರೀಕ್ಷಿಸಬೇಕು ಅಂತ ಉದ್ದ ಪಟ್ಟಿಯೇ ಇದೆ. ನಾನು ಕಂಡ ಮೈದಾನದಲ್ಲಿ ಆ ಪಟ್ಟಿ ಒಂದು ಅಂಕಿಗೆ ಇಳಿದಿತ್ತು. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು ಅಂತ ಕೇಂದ್ರ ಸಾರಿಗೆ ಸಚಿವಾಲಯದ ವರದಿಯೇ ಹೇಳುತ್ತದೆ. ಅದರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು. ಅವರಲ್ಲಿ ಎಷ್ಟು ಜನಕ್ಕೆ ಎಂಟು ಹಾಕಲು ಬರುತ್ತಿತ್ತು ಎಂಬ ಲೆಕ್ಕ ಯಾರಿಗೆ ಬೇಕು?

ಈಗ ನಮ್ಮ ಜಿಲ್ಲೆಯ ರಸ್ತೆಗಳೂ ಮೊದಲಿನವಲ್ಲ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೊಸಕೋಟೆಗೆ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆ (ಎಸ್‌ಟಿಆರ್‌ಆರ್) ಬಂದಿದೆ. ನಯವಾದ ರಸ್ತೆ, ಗಾಡಿ 80 ಮುಟ್ಟಿದ್ದೇ ತಿಳಿಯುವುದಿಲ್ಲ. ನಸುಕಿನಲ್ಲಿ ನಂದಿ ಬೆಟ್ಟದ ಕಡೆ, ಹೊಸಕೋಟೆಯ ಬಿರಿಯಾನಿ ಕಡೆ ಬೆಂಗಳೂರಿನ ಹುಡುಗರು ಹಿಂಡುಹಿಂಡಾಗಿ ಬರುತ್ತಾರೆ. ಅದೇ ಹೊತ್ತಿಗೆ ನಮ್ಮವರು ಟಿವಿಎಸ್ ಎಕ್ಸೆಲ್ ಮೇಲೆ ಎರಡು ಹಾಲಿನ ಕ್ಯಾನು ನೇತುಹಾಕಿಕೊಂಡು ಡೇರಿಗೆ ಹೊರಟಿರುತ್ತಾರೆ. 2024ರ ಆಗಸ್ಟ್‌ನಲ್ಲಿ ನೆಲಮಂಗಲದ ಹತ್ತಿರ ವ್ಹೀಲಿಂಗ್ ಹುಡುಗರ ಮೇಲೆ ಸಿಟ್ಟೆದ್ದ ಜನ ಅವರ ಸ್ಕೂಟರುಗಳನ್ನು ಮೇಲ್ಸೇತುವೆಯಿಂದ ಕೆಳಕ್ಕೆ ಎಸೆದದ್ದು ನಿಮಗೂ ನೆನಪಿರಬಹುದು. ಆ ಹುಡುಗರಿಗೆ ಲಾಠಿ, ಕೇಸು ಏನು ಬೇಕೋ ಮಾಡಿ, ನನ್ನ ಅಡ್ಡಿಯಿಲ್ಲ. ನಾನು ಬರೆಯುತ್ತಿರುವುದು ಅವರ ಬಗ್ಗೆ ಅಲ್ಲ. ಮಗ್ಗದ ಮನೆಯ ಹುಡುಗ, ಹಾಲು ಹಾಕುವ ಹುಡುಗ, ಶಿಫ್ಟಿಗೆ ಹೋಗುವ ಹುಡುಗಿ, ಇವರ ಬಗ್ಗೆ.

ಹೋದ ವರ್ಷ ಸಾಸಲು ಕಡೆಯ ಒಬ್ಬರು ಬೆಂಡಾದ ಫೋರ್ಕು ತಂದಿದ್ದರು. ಓಡಿಸಿದ್ದು ಹದಿನಾರರ ಮಗ. ಕೈ ಮುರಿದಿತ್ತು, ಜೀವ ಉಳಿದಿತ್ತು. 'ಅಣ್ಣ, 199ಎ ಗೊತ್ತಾ?' ಅಂದೆ. ಗೊತ್ತಿರಲಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ ಅದು. ಅಪ್ರಾಪ್ತರಿಗೆ ಗಾಡಿ ಕೊಟ್ಟು ತಪ್ಪಾದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು, ಮಗನಿಗೆ 25 ತುಂಬುವವರೆಗೆ ಲೈಸೆನ್ಸಿಲ್ಲ. ಕೇಳಿ ಅವರ ಮುಖ ಸಣ್ಣದಾಯಿತು. 'ಕಾಲೇಜಿಗೆ ಎಂಟು ಕಿಲೋಮೀಟ್ರು. ಬೆಳಗ್ಗೆ ಒಂದು ಬಸ್ಸು, ಅದರ ಬಾಗಿಲಲ್ಲೂ ಜಾಗ ಇರಲ್ಲ' ಅಂದರು. ಹದಿನಾರಕ್ಕೆ 50 ಸಿಸಿ ಒಳಗಿನ ಗೇರಿಲ್ಲದ ಗಾಡಿ ಓಡಿಸಬಹುದು ಅಂತ ಕಾನೂನಿನಲ್ಲಿ ಒಂದು ಕಿಟಕಿ ಇದೆ ನಿಜ. ಆದರೆ ಲೂನಾ ಕಾಲ ಮುಗಿಯಿತು. ಈಗ ಎಕ್ಸೆಲ್ ಕೂಡ ಹೆಚ್ಚುಕಡಿಮೆ 100 ಸಿಸಿ. ಕಿಟಕಿ ತೆಗೆದೇ ಇದೆ, ಆಚೆ ಗಾಡಿಯೇ ಇಲ್ಲ. ಆ ಅಪ್ಪನಿಗೆ ಕೊಡಲು ನನ್ನ ಹತ್ತಿರ ಉತ್ತರವಿರಲಿಲ್ಲ, ಈಗಲೂ ಇಲ್ಲ. ಮಗನಿಗೆ 18 ತುಂಬುವವರೆಗೆ ಕೀ ನಿಮ್ಮ ಜೇಬಲ್ಲೇ ಇರಲಿ ಅಂದು ಕಳಿಸಿದೆ. ಬಸ್ಸಿನ ವಿಷಯ ಇನ್ನೊಂದು ಕಾಗದಕ್ಕೆ ಆಗುವಷ್ಟಿದೆ.

ಇನ್ನು ಗಾಡಿಗಳೇ ಸುಧಾರಿಸಿವೆಯಲ್ಲ ಅನ್ನಬಹುದು. ಸುಧಾರಿಸಿವೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಬೈಕಿಗೆ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್, ಅದಕ್ಕಿಂತ ಕೆಳಗಿನದಕ್ಕೆ ಕನಿಷ್ಠ ಸಿಬಿಎಸ್ ಕಡ್ಡಾಯವಾಯಿತು. ಸಿಬಿಎಸ್ ಇದ್ದರೆ ಹಿಂದಿನದು ತುಳಿದಾಗ ಮುಂದಿನದೂ ಒಂದಿಷ್ಟು ಹಿಡಿಯುತ್ತದೆ. ಆದರೆ ಹಳ್ಳಿಯ ಹುಡುಗನ ಮೊದಲ ಬೈಕು ಹೊಸದಾಗಿರುವುದು ಅಪರೂಪ. ಮಾವ ಓಡಿಸಿ ಬಿಟ್ಟದ್ದು, ಮೂರನೇ ಕೈಗೆ ಬಂದದ್ದು. ಅದರಲ್ಲಿ ಎಬಿಎಸ್ಸೂ ಇಲ್ಲ, ಸಿಬಿಎಸ್ಸೂ ಇಲ್ಲ, ಮೊದಲೇ ಹೇಳಿದ ಆ ತುಕ್ಕು ಹಿಡಿದ ವೈರಿದೆ.

ಪರೀಕ್ಷೆಯ ಪದ್ಧತಿ ಬದಲಿಸುವುದು ನಿಮ್ಮ ಕೈಯಲ್ಲಿಲ್ಲ, ಅದು ಸಾರಿಗೆ ಇಲಾಖೆಯದು. ನಿಮ್ಮ ಕೈಯಲ್ಲಿರುವುದು ಜಾಗ. ಘಾಟಿ ಸುಬ್ರಹ್ಮಣ್ಯದಲ್ಲಿ ದನಗಳ ಜಾತ್ರೆ ಕಟ್ಟುವ ಬಯಲಿದೆ. ಪುಷ್ಯದ ಜಾತ್ರೆ ಕಳೆದರೆ ಉಳಿದ ತಿಂಗಳು ಅಲ್ಲಿ ಗಾಳಿ ಬೀಸುತ್ತದೆ. ನಾಲ್ಕೂ ತಾಲ್ಲೂಕುಗಳಲ್ಲಿ ಎಪಿಎಂಸಿ ಪ್ರಾಂಗಣ, ಸಂತೆ ಮೈದಾನ ಅಂತ ಇಂಥ ಒಂದಾದರೂ ಜಾಗ ಸಿಕ್ಕೇ ಸಿಗುತ್ತದೆ. ಎಲ್‌ಎಲ್ ಇದ್ದವರಿಗೆ ಭಾನುವಾರ ಬೆಳಗ್ಗೆ ಆರರಿಂದ ಒಂಬತ್ತರವರೆಗೆ ಬಿಟ್ಟುಕೊಡಿ. ಗೇಟಿನಲ್ಲಿ ಒಬ್ಬ ಗೃಹರಕ್ಷಕ ನಿಂತು ಎಲ್‌ಎಲ್ ಮತ್ತು ಐಎಸ್‌ಐ ಗುರುತಿನ ಹೆಲ್ಮೆಟ್ ನೋಡಿ ಒಳಗೆ ಬಿಡಲಿ. ರಸ್ತೆ ಬದಿಯ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು ಬಂದವರನ್ನು ಹಿಂದಕ್ಕೆ ಕಳಿಸಲಿ. ಕಲಿಸಲು ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದ ಚಾಲಕರಿದ್ದಾರೆ, ಸೇನೆಯಿಂದ ಬಂದವರಿದ್ದಾರೆ, ನನ್ನಂಥ ಮೆಕ್ಯಾನಿಕ್ಕುಗಳಿದ್ದೇವೆ. ಟೆಂಡರ್ ಬೇಡ, ಕಟ್ಟಡ ಬೇಡ, ಉದ್ಘಾಟನೆಯಂತೂ ಬೇಡವೇ ಬೇಡ. ಮುಂದಿನ ಸಮಿತಿ ಸಭೆಯಲ್ಲಿ ಆರ್‌ಟಿಒ ಅವರನ್ನು ಒಂದು ಮಾತು ಕೇಳಿ, ಆ 15ನೇ ನಿಯಮದ ನಿಲ್ಲಿಸುವ ಪರೀಕ್ಷೆ ನಮ್ಮ ಜಿಲ್ಲೆಯಲ್ಲಿ ಎಲ್ಲಿ, ಹೇಗೆ ನಡೆಯುತ್ತಿದೆ ಅಂತ. ಉತ್ತರ ಸಭೆಯ ನಡಾವಳಿಯಲ್ಲಿ ದಾಖಲಾಗಲಿ.

ಮಗಳಿಗೆ ಲೈಸೆನ್ಸ್ ಬಂದು ಏಳು ತಿಂಗಳಾಯಿತು. ರಾತ್ರಿ ಹನ್ನೊಂದೂವರೆಗೆ ಗಾಡಿ ಸದ್ದು ಕೇಳುವವರೆಗೂ ಅವಳಮ್ಮ ಬಾಗಿಲು ಹಾಕುವುದಿಲ್ಲ. ಮೊನ್ನೆ ಸರ್ವೀಸಿಗೆ ಅವಳ ಗಾಡಿಯ ಚಕ್ರ ಬಿಚ್ಚಿದೆ. ಎರಡೂ ಶೂ ಸಮನಾಗಿ ಸವೆದಿದ್ದವು.

ಮೈದಾನ ಯಾವುದೆಂದು ತಿಳಿಸಿದರೆ ಸಾಕು. ಗೆರೆ ಎಳೆಯಲು ಒಂದು ಚೀಲ ಸುಣ್ಣದ ಪುಡಿ, ಅಳೆಯಲು 30 ಮೀಟರಿನ ಟೇಪು ನಾನೇ ತರುತ್ತೇನೆ. ಭಾನುವಾರ ಗ್ಯಾರೇಜು ಹೇಗೂ ಹತ್ತು ಗಂಟೆಗೆ ತೆಗೆಯುವುದು.

ಇಂತಿ ತಮ್ಮ ವಿಶ್ವಾಸಿ,
ದೊಡ್ಡಬಳ್ಳಾಪುರದ ಒಬ್ಬ ಬೈಕ್ ಮೆಕ್ಯಾನಿಕ್