ವೈದ್ಯಕೀಯ ಸಂಶೋಧನೆಯೂ ಒಪ್ಪಿಗೆಯ ಭಾಷೆಯೂ

ಶಾಲೆಯೊಂದು ಐವತ್ತು ಸಂವತ್ಸರಗಳನ್ನು ಪೂರೈಸಿದ ಈ ಶುಭಾವಸರದಲ್ಲಿ, ಗುರುಹಿರಿಯರ ಸ್ಮರಣೆ ಮತ್ತು ಬಾಲ್ಯದ ನೆನಪುಗಳ ನಡುವೆ ವೈದ್ಯಶಾಸ್ತ್ರದ ಮಾತೇಕೆ ಎಂದು ವಾಚಕರು ಕೇಳಬಹುದು. ಓದುಬರಹ ಕಲಿತುದರ ಪ್ರಯೋಜನವನ್ನು ನಾವು ಸಾಮಾನ್ಯವಾಗಿ ಉದ್ಯೋಗದಲ್ಲಿಯೂ ಸಾಹಿತ್ಯದಲ್ಲಿಯೂ ಅಳೆಯುತ್ತೇವೆ. ಆಸ್ಪತ್ರೆಯ ಮೇಜಿನ ಮೇಲೆ ಸಹಿಗಾಗಿ ಇರಿಸಿದ ಕಾಗದದ ಮುಂದೆಯೂ ಅದನ್ನು ಅಳೆಯಬೇಕೆಂಬುದು ನನ್ನ ಅಭಿಪ್ರಾಯ.

ವೈದ್ಯವಿಜ್ಞಾನದ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. 1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ತನ್ನ ತೋಟಗಾರನ ಎಂಟು ವರ್ಷದ ಮಗನಾದ ಜೇಮ್ಸ್ ಫಿಪ್ಸ್‌ನ ತೋಳಿಗೆ ದನದ ಸಿಡುಬಿನ ಕೀವನ್ನು ಹಾಕಿ, ಕೆಲವು ವಾರಗಳ ಬಳಿಕ ನಿಜವಾದ ಸಿಡುಬಿನ ಕೀವನ್ನೇ ಹಾಕಿ ಪರೀಕ್ಷಿಸಿದನು. ಹುಡುಗ ಬದುಕಿದನು. 1980ರಲ್ಲಿ ಸಿಡುಬು ಭೂಮಂಡಲದಿಂದ ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಆ ಬಾಲಕನಿಗೆ ನಾವೆಲ್ಲರೂ ಋಣಿಗಳು. ಆದರೆ ಫಲ ಒಳ್ಳೆಯದಾಯಿತೆಂಬ ಕಾರಣಕ್ಕೆ ಮುಂದಿನವರೆಲ್ಲರೂ ಬಡವರ ಮೈಯನ್ನು ಪ್ರಯೋಗಶಾಲೆಯೆಂದು ತಿಳಿಯುವ ಹಕ್ಕನ್ನು ಪಡೆದರೇ?

ಈ ಪ್ರಶ್ನೆಗೆ ಅತ್ಯಂತ ಕಹಿಯಾದ ಉದಾಹರಣೆ ಅಮೆರಿಕದ ಟಸ್ಕೀಗಿಯದು. 1932ರಲ್ಲಿ ಅಲಬಾಮ ರಾಜ್ಯದ ಮೇಕನ್ ಕೌಂಟಿಯಲ್ಲಿ ಅಲ್ಲಿನ ಸಾರ್ವಜನಿಕ ಆರೋಗ್ಯ ಇಲಾಖೆಯು ಕಪ್ಪು ವರ್ಣದ 600 ಮಂದಿ ಪುರುಷರನ್ನು ಅಧ್ಯಯನಕ್ಕೆ ಆರಿಸಿಕೊಂಡಿತು. ಅವರಲ್ಲಿ ಬಹುಮಂದಿ ಬಡ ಗೇಣಿದಾರರು. 399 ಮಂದಿಗೆ ಸಿಫಿಲಿಸ್ ರೋಗವಿತ್ತು. ಉಳಿದ 201 ಮಂದಿ ಹೋಲಿಕೆಗಾಗಿ. ಚಿಕಿತ್ಸೆಯಿಲ್ಲದೆ ಬಿಟ್ಟರೆ ರೋಗವು ದೇಹವನ್ನು ಹೇಗೆ ತಿನ್ನುತ್ತದೆ ಎಂಬುದನ್ನು ನೋಡುವುದೇ ಉದ್ದೇಶ. ಆ ರೋಗಿಗಳಿಗೆ ರೋಗದ ಹೆಸರನ್ನೇ ತಿಳಿಸಲಿಲ್ಲ. ನಿಮ್ಮದು ‘ಕೆಟ್ಟ ರಕ್ತ’ ಎಂದರು. ಬೆನ್ನುಹುರಿಯ ದ್ರವವನ್ನು ಪರೀಕ್ಷೆಗಾಗಿ ತೆಗೆಯುವುದನ್ನು ವಿಶೇಷ ಉಚಿತ ಚಿಕಿತ್ಸೆಯೆಂದು ಕಾಗದ ಬರೆದು ಕರೆದರು. ಊಟ ಕೊಟ್ಟರು, ಶವಪರೀಕ್ಷೆಗೆ ಒಪ್ಪಿದರೆ ಶವಸಂಸ್ಕಾರದ ವೆಚ್ಚವನ್ನೂ ಕೊಟ್ಟರು. 1940ರ ದಶಕದ ಕೊನೆಗೆ ಪೆನಿಸಿಲಿನ್ ಈ ರೋಗಕ್ಕೆ ರೂಢಿಯ ಔಷಧಿಯಾಗಿದ್ದರೂ ಅದನ್ನು ಅವರಿಗೆ ಕೊಡಲಿಲ್ಲ. ಪೀಟರ್ ಬಕ್ಸ್‌ಟನ್ ಎಂಬ ಇಲಾಖೆಯ ನೌಕರರೊಬ್ಬರು 1966ರಿಂದ ಆಕ್ಷೇಪಿಸುತ್ತ ಬಂದು, 1972ರಲ್ಲಿ ವಿಷಯ ಪತ್ರಿಕೆಗಳಿಗೆ ತಲಪಿದ ಮೇಲಷ್ಟೇ ನಲ್ವತ್ತು ವರ್ಷಗಳ ಈ ಅಧ್ಯಯನ ನಿಂತಿತು. ರಾಷ್ಟ್ರಾಧ್ಯಕ್ಷ ಕ್ಲಿಂಟನ್ ಕ್ಷಮೆ ಯಾಚಿಸಿದ್ದು 1997ರಲ್ಲಿ. ಆ ವೇಳೆಗೆ ಅವರಲ್ಲಿ ಬದುಕುಳಿದಿದ್ದವರು ಬೆರಳೆಣಿಕೆಯವರು.

ಆ ಕಾಲವೇ ಹಾಗಿತ್ತು, ಇಂದಿನ ಅಳತೆಗೋಲಿನಿಂದ ಅಂದಿನವರನ್ನು ಅಳೆಯಬಾರದು ಎಂಬ ವಾದವೊಂದುಂಟು. ಕೇಳಲು ನ್ಯಾಯವೆನಿಸುವ ಈ ವಾದಕ್ಕೆ ಇತಿಹಾಸದ ಬೆಂಬಲವಿಲ್ಲ. 1900ರಲ್ಲಿಯೇ ಪ್ರಶ್ಯದ ಸರಕಾರವು, ಪರಿಣಾಮಗಳನ್ನು ವಿವರಿಸಿ ಸ್ಪಷ್ಟ ಒಪ್ಪಿಗೆ ಪಡೆಯದ ಹೊರತು, ಚಿಕಿತ್ಸೆಯ ಉದ್ದೇಶವಿಲ್ಲದ ಪ್ರಯೋಗ ಕೂಡದು ಎಂದು ಆಜ್ಞಾಪಿಸಿತ್ತು. ಅಪ್ರಾಪ್ತವಯಸ್ಕರ ಮೇಲೆ ಅಂತಹ ಪ್ರಯೋಗವನ್ನೇ ನಿಷೇಧಿಸಿತ್ತು. ಅದೇ ವರ್ಷ ಕ್ಯೂಬಾದಲ್ಲಿ ಹಳದಿ ಜ್ವರ ಸೊಳ್ಳೆಯಿಂದ ಹರಡುವುದನ್ನು ಸಾಧಿಸಹೊರಟ ವಾಲ್ಟರ್ ರೀಡ್, ಸ್ಪೇನಿನಿಂದ ವಲಸೆ ಬಂದಿದ್ದ ಕೂಲಿಕಾರರೊಡನೆ ಲಿಖಿತ ಕರಾರು ಮಾಡಿಕೊಂಡರು. ಪ್ರಾಣಾಪಾಯವುಂಟೆಂದು ಅದರಲ್ಲಿ ಬರೆದಿತ್ತು; ಇಂಗ್ಲಿಷಿನೊಡನೆ ಆ ಕೂಲಿಗಳ ಸ್ಪ್ಯಾನಿಷ್ ಭಾಷೆಯಲ್ಲಿಯೂ ಬರೆದಿತ್ತು. ನೂರು ಡಾಲರಿನ ಚಿನ್ನ, ಜ್ವರ ಬಂದರೆ ಇನ್ನೂ ನೂರು ಎಂಬ ಆಮಿಷ ಬಡವನ ಒಪ್ಪಿಗೆಯನ್ನು ಎಷ್ಟು ಸ್ವತಂತ್ರವಾಗಿರಿಸೀತು ಎಂಬ ಶಂಕೆ ಉಳಿಯುತ್ತದೆ. ಆದರೂ ಕೇಳಬೇಕು, ಅವನ ಮಾತಿನಲ್ಲಿಯೇ ಕೇಳಬೇಕು ಎಂಬ ಅರಿವು ಅಂದೇ ಇತ್ತು. ಆದುದರಿಂದ ಟಸ್ಕೀಗಿಯಲ್ಲಿ ನಡೆದುದನ್ನು ಕಾಲದ ತಲೆಯ ಮೇಲೆ ಹೊರಿಸುವಂತಿಲ್ಲ.

ನಿಯಮಗಳು ಮಾತ್ರ ಸಾಲವೆಂಬುದೂ ಅಷ್ಟೇ ನಿಜ. 1931ರಲ್ಲಿ ಜರ್ಮನಿಯು ಮಾನವ ಪ್ರಯೋಗಗಳ ಬಗ್ಗೆ ವಿಸ್ತಾರವಾದ ಸೂತ್ರಗಳನ್ನು ಹೊರಡಿಸಿತ್ತು. ಮುಂದಿನ ದಶಕದಲ್ಲಿ ಅದೇ ದೇಶದ ವೈದ್ಯರು ಬಂಧನ ಶಿಬಿರಗಳಲ್ಲಿ ಕೈದಿಗಳನ್ನು ಪ್ರಯೋಗಕ್ಕೆ ಬಲಿಗೊಟ್ಟರು. ಅವರ ವಿಚಾರಣೆಯ ಫಲವಾಗಿ 1947ರಲ್ಲಿ ನ್ಯೂರೆಂಬರ್ಗ್ ಸಂಹಿತೆ ರೂಪುಗೊಂಡಿತು. ವ್ಯಕ್ತಿಯ ಸ್ವಯಂಪ್ರೇರಿತ ಒಪ್ಪಿಗೆಯೇ ಅದರ ಮೊದಲ ಸೂತ್ರ. ಟಸ್ಕೀಗಿಯ ಅಧ್ಯಯನ ಆ ಬಳಿಕವೂ ಇಪ್ಪತ್ತೈದು ವರ್ಷ ಮುಂದುವರಿಯಿತು.

ಇದು ದೂರದ ಕಥೆಯೆಂದು ನಾವು ನಿಶ್ಚಿಂತರಾಗುವಂತಿಲ್ಲ. 2009ರಲ್ಲಿ, ಅಂದು ಆಂಧ್ರಪ್ರದೇಶಕ್ಕೆ ಸೇರಿದ್ದ ಖಮ್ಮಂ ಜಿಲ್ಲೆಯಲ್ಲಿ, ಗರ್ಭಕೊರಳಿನ ಕ್ಯಾನ್ಸರನ್ನು ತಡೆಯುವ ಲಸಿಕೆಯನ್ನು ಅಧ್ಯಯನದ ಅಂಗವಾಗಿ ಸಾವಿರಾರು ಬಾಲಕಿಯರಿಗೆ ನೀಡಲಾಯಿತು. ಅನೇಕರು ವಸತಿನಿಲಯಗಳಲ್ಲಿದ್ದ ಬುಡಕಟ್ಟಿನ ಮಕ್ಕಳು. 2010ರಲ್ಲಿ ಕಾರ್ಯಕ್ರಮವನ್ನು ತಡೆಹಿಡಿಯಲಾಯಿತು. ಬಳಿಕ ಪರಿಶೀಲಿಸಿದ 9,543 ಒಪ್ಪಿಗೆ ಪತ್ರಗಳಲ್ಲಿ 1,948ರಲ್ಲಿ ಹೆಬ್ಬೆಟ್ಟಿನ ಗುರುತಿತ್ತು. 2,763ಕ್ಕೆ ವಸತಿನಿಲಯದ ವಾರ್ಡನ್‌ಗಳೇ ಸಹಿ ಹಾಕಿದ್ದರು. 2013ರಲ್ಲಿ ಸಂಸತ್ತಿನ ಸಮಿತಿಯು ಇದನ್ನು ಕಟುವಾಗಿ ಖಂಡಿಸಿತು. ಲಸಿಕೆ ಉತ್ತಮವಾದುದೇ, ಇಂದು ಲೋಕದ ಅನೇಕ ದೇಶಗಳು ಅದನ್ನು ನೀಡುತ್ತಿವೆ. ಆದರೆ ತಾಯಿತಂದೆಯರ ಬದಲಿಗೆ ಸಹಿ ಹಾಕುವ ಅಧಿಕಾರವನ್ನು ವಾರ್ಡನರಿಗೆ ಕೊಟ್ಟವರಾರು? ಶಾಲೆಯ ಮೇಲಿನ ವಿಶ್ವಾಸವು ಒಪ್ಪಿಗೆಗೆ ಬದಲಿಯಾಗಲಾರದು. ಅಧ್ಯಾಪಕ ಬಂಧುಗಳು ಇದನ್ನು ಮನನ ಮಾಡಿಕೊಳ್ಳಬೇಕು.

ಇನ್ನು ನಮ್ಮ ಕಾಸರಗೋಡು. ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎರಡು ದಶಕಗಳಿಗೂ ಮಿಕ್ಕಿ, 2000ದ ವರೆಗೆ, ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆಯ ಪಡ್ರೆಯಂತಹ ಹಳ್ಳಿಗಳ ದುಃಖವನ್ನು ಈ ಸಂಚಿಕೆಯ ವಾಚಕರಿಗೆ ಹೊಸದಾಗಿ ವರ್ಣಿಸಬೇಕಾಗಿಲ್ಲ. 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಇಲ್ಲಿನ ಶಾಲಾಮಕ್ಕಳನ್ನು ಪರೀಕ್ಷಿಸಿ, ಬಳಿಕ ವರದಿ ನೀಡಿತು. ಆ ವರದಿಯು ನೊಂದವರ ಕೂಗಿಗೆ ಬಲ ತಂದಿತು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಾದ್ಯಂತ ತಡೆಯಿತು. ಸಂಶೋಧನೆಯು ಜನರ ವೈರಿಯಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದುದರಿಂದಲೇ ನಾವು ಕೇಳತಕ್ಕ ಪ್ರಶ್ನೆ, ಸಂಶೋಧನೆ ಬೇಕೆ ಬೇಡವೆ ಎಂಬುದಲ್ಲ. ರಕ್ತ ಕೊಟ್ಟ ಮಗುವಿನ ಮನೆಗೆ ಅದರ ಫಲಿತಾಂಶ, ಮನೆಮಂದಿಗೆ ಅರ್ಥವಾಗುವ ಮಾತಿನಲ್ಲಿ ಮರಳಬೇಕು ಎಂಬುದು.

ಗಡಿನಾಡಿನವರಿಗೆ ಇದು ಕೇವಲ ತಾತ್ವಿಕ ವಿಚಾರವಲ್ಲ. ನಮ್ಮ ಮನೆಗಳಲ್ಲಿ ಕನ್ನಡ, ತುಳು, ಕೊಂಕಣಿ, ಮರಾಠಿ, ಬ್ಯಾರಿ ಮಾತುಗಳಿವೆ. ಆಡಳಿತದ ಭಾಷೆ ಮಲೆಯಾಳ. ವೈದ್ಯರ ಬರಹ ಇಂಗ್ಲಿಷ್. ಯಾವ ಭಾಷೆಯೂ ದ್ವೇಷಕ್ಕೆ ಅರ್ಹವಲ್ಲ. ಆದರೆ 2019ರ ಕೇಂದ್ರ ನಿಯಮಾವಳಿಯ ಪ್ರಕಾರ, ಔಷಧ ಪ್ರಯೋಗಕ್ಕೆ ಒಳಗಾಗುವವರಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಣೆ ನೀಡತಕ್ಕದ್ದು. ಓದಲಾರದವರ ಪಕ್ಕದಲ್ಲಿ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬರು ಇರತಕ್ಕದ್ದು. ಕನ್ನಡದಲ್ಲಿ ಅಚ್ಚಾದ ಕಾಗದವೂ ತುಳು ಮಾತ್ರ ಬಲ್ಲ ಅಜ್ಜಿಗೆ ಸಾಲದು. ಅವರ ಬಳಿ ಕುಳಿತು ತುಳುವಿನಲ್ಲಿಯೇ ಹೇಳಬೇಕು. ‘ಕೆಟ್ಟ ರಕ್ತ’ ಎಂಬ ಮಾತೂ ಕೇಳಿದವರಿಗೆ ತಿಳಿಯುವಂತಹುದೇ ಆಗಿತ್ತು. ಅದರಲ್ಲಿ ಸತ್ಯವಿರಲಿಲ್ಲ, ಅಷ್ಟೇ. ಆದುದರಿಂದ ಅರ್ಥವಾಗುವ ಮಾತೂ ಬೇಕು, ಅದರಲ್ಲಿ ನಿಜವೂ ಬೇಕು.

ಈ ಶಾಲೆಯಲ್ಲಿ ಅಕ್ಷರ ಕಲಿತು ವೈದ್ಯರೂ ದಾದಿಯರೂ ಶಿಕ್ಷಕರೂ ಆದವರಲ್ಲಿ ನನ್ನ ವಿನಂತಿ ಇಷ್ಟೇ. ನೆರೆಮನೆಯವರು ಸಹಿ ಹಾಕುವ ಮೊದಲು ಕಾಗದವನ್ನು ಅವರಿಗೆ ಓದಿ ಹೇಳಿರಿ. ಇದು ಚಿಕಿತ್ಸೆಯೋ ಪರೀಕ್ಷೆಯೋ, ಬೇಡವೆಂದರೆ ಚಿಕಿತ್ಸೆ ನಿಲ್ಲುವುದೋ ಎಂದು ಅವರ ಪರವಾಗಿ ಕೇಳಿರಿ. ಆದರೆ ಅವರ ಬದಲಿಗೆ ಸಹಿ ಹಾಕದಿರಿ. ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ವಿದ್ಯಾಸಂಸ್ಥೆಯಿಂದ ಇಂತಹ ಸೇವೆ ಇನ್ನೂ ಬಹುಕಾಲ ಸಲ್ಲಲಿ ಎಂದು ಹಾರೈಸುತ್ತೇನೆ.