ಗುಡಿಯೊಳಗೆ ಓಡಿದ ಮಗು ಮತ್ತು ನಮ್ಮ ಶಾಲೆಗಳು

2021ರ ಸೆಪ್ಟೆಂಬರ್ 4ರಂದು ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ದಲಿತ ತಂದೆಯೊಬ್ಬರು ತಮ್ಮ ಮಗುವಿನ ಹುಟ್ಟುಹಬ್ಬದ ದಿನ ಆಂಜನೇಯನ ಗುಡಿಗೆ ಬಂದಿದ್ದರು. ಅಲ್ಲಿನ ರೂಢಿಯಂತೆ ಅವರು ಹೊರಗೆ ನಿಂತೇ ಕೈಮುಗಿದರು. ಎರಡು ವರ್ಷದ ಮಗುವಿಗೆ ರೂಢಿ ತಿಳಿದಿರಲಿಲ್ಲ. ಅದು ಗುಡಿಯೊಳಗೆ ಓಡಿತು. ಗುಡಿಯನ್ನು ಶುದ್ಧಿ ಮಾಡಲು 25,000 ರೂಪಾಯಿ ಕೊಡಬೇಕೆಂದು ಊರಿನ ಕೆಲವರು ಕೇಳಿದರು. ವಿಷಯ ಪೊಲೀಸರಿಗೆ ತಲುಪಿ ಐವರ ಬಂಧನವಾಯಿತು. ಅಸ್ಪೃಶ್ಯತೆಯ ವಿರುದ್ಧ ಜಾಗೃತಿ ಮೂಡಿಸಲು ಸರಕಾರ 2022ರಲ್ಲಿ 'ವಿನಯ ಸಾಮರಸ್ಯ' ಯೋಜನೆಯನ್ನು ಜಾರಿಗೆ ತಂದಿತು.

ಈ ಘಟನೆಯಲ್ಲಿ ನಾವು ಗಮನಿಸಬೇಕಾದುದು ಒಂದಿದೆ. ಭೇದ ಮಗುವಿನಲ್ಲಿ ಇರಲಿಲ್ಲ, ಹಿರಿಯರಲ್ಲಿತ್ತು. "ಅಲ್ಲಿಗೆ ಹೋಗಬೇಡ" ಎಂದು ಒಂದು ಮನೆಯಲ್ಲಿ, "ಅವರ ಜೊತೆ ಸೇರಬೇಡ" ಎಂದು ಇನ್ನೊಂದು ಮನೆಯಲ್ಲಿ ಕಲಿತ ಮಕ್ಕಳು ಒಂದನೇ ತರಗತಿಯಲ್ಲಿ ಅಕ್ಕಪಕ್ಕ ಕುಳಿತುಕೊಳ್ಳುತ್ತಾರೆ. ಆ ತಪ್ಪು ಪಾಠವನ್ನು ಅಳಿಸಲು ಸಮಾಜಕ್ಕೆ ಸಿಗುವ ಮೊದಲ ಅವಕಾಶ ಪ್ರಾಥಮಿಕ ಶಾಲೆ.

ಆ ಅವಕಾಶ ಕೈತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅದೇ ಜಿಲ್ಲೆಯಲ್ಲಿ ಸಾಕ್ಷಿಗಳಿವೆ. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷಗಳ ನಂತರ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮರುತಿಂಗಳೇ ಅವರಲ್ಲಿ ಬಹುತೇಕರಿಗೆ ಹೈಕೋರ್ಟಿನಿಂದ ಜಾಮೀನು ದೊರೆಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಯಲಬುರ್ಗಾ ತಾಲೂಕಿನ ಸಂಗನಾಳದಲ್ಲಿ ಕ್ಷೌರದಂಗಡಿಯಲ್ಲಿ ಎದ್ದ ಜಗಳದಲ್ಲಿ ದಲಿತ ಯುವಕನೊಬ್ಬ ಇರಿತಕ್ಕೆ ಬಲಿಯಾದ. ಕಾನೂನು ಬೇಕೇ ಬೇಕು. ಆದರೆ ಅದು ಬರುವುದು ಮನೆ ಸುಟ್ಟ ಮೇಲೆ, ಜೀವ ಹೋದ ಮೇಲೆ.

ಹಾಗಾದರೆ ಶಾಲೆ ಏನು ಮಾಡಬಲ್ಲದು? 2021ರ ಡಿಸೆಂಬರ್‌ನಲ್ಲಿ ಕೊಪ್ಪಳವೂ ಸೇರಿದಂತೆ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ ಕೊಡಲು ಆರಂಭಿಸಿದಾಗ ಕೆಲವು ಮಠಾಧೀಶರಿಂದ ವಿರೋಧ ಬಂತು. ಮೊಟ್ಟೆ ಬೇಕೆಂದು ಗಂಗಾವತಿಯ ವಿದ್ಯಾರ್ಥಿನಿಯರೇ ದನಿಯೆತ್ತಿದರು. ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಎಂಬುದು ಅಂದಿನ ವ್ಯವಸ್ಥೆ. ಎರಡನ್ನೂ ಒಂದೇ ಪಂಕ್ತಿಯಲ್ಲಿ ಬಡಿಸಿದರೆ, "ನನ್ನ ಊಟ ಬೇರೆ, ಅವಳ ಊಟ ಬೇರೆ, ನಾವಿಬ್ಬರೂ ಗೆಳತಿಯರು" ಎಂದು ಮಗು ಭಾಷಣವಿಲ್ಲದೆ ಕಲಿಯುತ್ತದೆ. ಪಂಕ್ತಿಯನ್ನು ಎರಡು ಮಾಡಿದರೆ, ಮಗು ಕಲಿಯುವುದೂ ಎರಡು ಮಾಡುವುದನ್ನೇ.

ಕೊಪ್ಪಳ ದೂರದ ಊರು, ಅದು ಅಲ್ಲಿಯವರ ಸಮಸ್ಯೆ ಎಂದು ಕರಾವಳಿಯ ನಾವು ಕೈತೊಳೆದುಕೊಳ್ಳುವಂತಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ದುಡಿಯಲು ಬಂದ ಕುಟುಂಬಗಳು ನಮ್ಮ ಪೇಟೆಗಳಲ್ಲಿ ಕಟ್ಟಡ ಕಟ್ಟುತ್ತಿವೆ. ಅವರ ಮಕ್ಕಳು ನಮ್ಮ ಮಕ್ಕಳ ಪಕ್ಕದ ಬೆಂಚಿನಲ್ಲಿದ್ದಾರೆ. ಅವರನ್ನು "ಘಟ್ಟದವರು" ಎಂದು ಕರೆಯುವುದು, ಅವರ ಮಾತಿನ ಧಾಟಿಯನ್ನು ಅಣಕಿಸಿ ನಗುವುದು ನಮ್ಮ ಮಕ್ಕಳಿಗೆ ಎಲ್ಲಿಂದ ಬಂತು? ನಮ್ಮ ಊಟದ ಮೇಜಿನಿಂದಲ್ಲವೇ? ಮದುವೆಯ ಮಾತು ಬಂದಾಗ ನಮ್ಮ ಕಥೋಲಿಕ ಮನೆಗಳಲ್ಲೇ ಹಳೆಯ ಜಾತಿಯ ವಿಚಾರಣೆ ಇಂದಿಗೂ ಪಿಸುಮಾತಿನಲ್ಲಿ ನಡೆಯುವುದಿಲ್ಲವೇ? ಧರ್ಮಸಭೆಯೊಳಗೂ ಜಾತಿಭೇದವಿದೆ ಎಂದು ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೇ 2016ರಲ್ಲಿ ದಲಿತರ ಸಬಲೀಕರಣ ನೀತಿಯನ್ನು ಪ್ರಕಟಿಸಿದಾಗ ಒಪ್ಪಿಕೊಂಡಿದೆ. ಕಥೋಲಿಕ ಶಾಲೆಗಳಲ್ಲಿ ಎಲ್ಲ ಧರ್ಮಗಳನ್ನು ಗೌರವಿಸಬೇಕು, ಸಂವಿಧಾನದ ಪೀಠಿಕೆಯನ್ನು ಓದಿಸಬೇಕು ಎಂದು 2024ರಲ್ಲಿ ಮಂಡಳಿ ತಿಳಿಸಿದೆ.

ಪೀಠಿಕೆಯನ್ನು ಓದಿದ ಮೇಲೆ ಅದರಂತೆ ನಡೆಯುವುದೂ ಅಗತ್ಯ. ಶಿಕ್ಷಕರು ವಾರಕ್ಕೊಮ್ಮೆ ಮಕ್ಕಳ ಆಸನ ಬದಲಿಸಲಿ. ಕಸ ಗುಡಿಸುವ ಸರದಿ ಎಲ್ಲರಿಗೂ ಬರಲಿ. ಅಣಕದ ಮಾತು ಕೇಳಿಬಂದರೆ ನಕ್ಕು ಸುಮ್ಮನಾಗದೆ ಆಗಲೇ ತಿದ್ದಲಿ. ಭಾನುವಾರದ ಧರ್ಮೋಪದೇಶದಲ್ಲಿ ಸಮಾರಿಯದವನ ಕಥೆ ಹೇಳುವವರು, ಇಂದು ನಮ್ಮೂರಿನಲ್ಲಿ ಆ ಸಮಾರಿಯದವನು ಯಾರು ಎಂದೂ ಮಕ್ಕಳನ್ನು ಕೇಳಲಿ. ಎಲ್ಲಕ್ಕಿಂತ ಮೊದಲು, ತಂದೆತಾಯಂದಿರು ಮನೆಯಲ್ಲಿ ತಮ್ಮ ನಾಲಗೆಯನ್ನು ಹಿಡಿತದಲ್ಲಿಡಲಿ.

ಯೇಸುಸ್ವಾಮಿಯ ಬಳಿಗೆ ಬಂದ ಮಕ್ಕಳನ್ನು ಶಿಷ್ಯರು ತಡೆದಾಗ ಅವರು ಸಿಟ್ಟಾದದ್ದು ಮಕ್ಕಳ ಮೇಲಲ್ಲ, ತಡೆದವರ ಮೇಲೆ. ಮಿಯಾಪುರದ ಮಗು ದೇವರ ಬಳಿಗೆ ಓಡಿತ್ತು. ತಡೆದವರ ಸಾಲಿನಲ್ಲಿ ನಾವು ಇದ್ದೇವೆಯೇ ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳೋಣ.